ಅಪ್ಪಯ್ಯನ ಆರಾಮ ಕುರ್ಚಿ ಮತ್ತು ಹಳೇ ಪಾಲಿಶ್ ತೆಗೆಯುವ ಕೆಲಸ

ಅಡಿಕೆ ಕೊಯ್ಲು ಮುಗಿದು, ಅಂಗಳದ ಚಪ್ಪರ ಇನ್ನೂ ಬಿಚ್ಚದೆ ಇರುವ ದಿನಗಳೇ ಈ ಕೆಲಸಕ್ಕೆ ಸರಿ. ಮಾಘ ಇಲ್ಲವೇ ಫಾಲ್ಗುಣ ಅಂತಿಟ್ಟುಕೊಳ್ಳಿ. ಬಿಸಿಲು ನೇರ ಬೀಳುವುದಿಲ್ಲ, ಗಾಳಿ ನಾಲ್ಕೂ ಕಡೆಯಿಂದ ಆಡುತ್ತದೆ, ಮರದೊಳಗೆ ಪಸೆ ಇರುವುದಿಲ್ಲ. ನಮ್ಮ ಸಾಗರದ ಕಡೆ ಆರಿದ್ರಾ ಮಳೆ ಹಿಡಿದ ಮೇಲೆ ಯಾರಾದರೂ ಪಾಲಿಶ್ ಕೆಲಸ ಎತ್ತಿಕೊಂಡರೆ ಕೈಮುಗಿದು ಬೇಡ ಅನ್ನುತ್ತೇನೆ. ತೆಗೆಯುವುದೇನೋ ತೆಗೆಯಬಹುದು. ಆದರೆ ಆ ತೇವದಲ್ಲಿ ಹೊಸ ಸ್ಪಿರಿಟ್ ಪಾಲಿಶ್ ಹಚ್ಚಿದರೆ ಬೂದಿ ಬಳಿದ ಹಾಗೆ ಬೆಳ್ಳಗಾಗಿ ಕೂರುತ್ತದೆ.

ನಾನು ಬಡಗಿಯಲ್ಲ. 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವಳು. ನಿವೃತ್ತಳಾದ ಮೇಲೆ ತವರುಮನೆಯ ಮೆತ್ತಿನಿಂದ ಅಪ್ಪಯ್ಯನ ಆರಾಮ ಕುರ್ಚಿ ಇಳಿಸಿಕೊಂಡು ಬಂದೆ. ಬೀಟೆ ಮರದ್ದು, 1958ರಲ್ಲಿ ಮಾಡಿಸಿದ್ದು. ಕಾಲು ಚಾಚಲು ಕೈಯಡಿಯಿಂದ ತಿರುಗಿ ಹೊರಬರುವ ಉದ್ದನೆಯ ಪಟ್ಟಿಗಳು, ಬೆನ್ನಿಗೆ ಬೆತ್ತದ ಹೆಣಿಗೆ. ಮೆತ್ತಿನಲ್ಲಿ ಇಷ್ಟು ವರ್ಷ ಹೊಗೆ ಕುಡಿದು ಅದು ಬೀಟೆಯೋ ಇದ್ದಿಲೋ ಗೊತ್ತಾಗದ ಹಾಗಿತ್ತು. ಕೈ ಇಟ್ಟರೆ ಜೋನಿಬೆಲ್ಲದ ಡಬ್ಬಿ ಮುಟ್ಟಿದ ಹಾಗೆ ಅಂಟುತ್ತಿತ್ತು. ತಲೆ ಆನಿಸುವ ಜಾಗದಲ್ಲಿ ಕೊಬ್ಬರಿ ಎಣ್ಣೆಯ ಕಪ್ಪು ಮಂಡಲ. ಬಲಗೈ ಪಟ್ಟಿಯ ತುದಿಯಲ್ಲಿ ಬೆರಳಗಲದ ಐದಾರು ಕಲೆಗಳು. ಅದರ ಕಥೆ ಮುಂದೆ ಹೇಳುತ್ತೇನೆ.

ನಮ್ಮ ಕೇರಿಯ ಆಚಾರ್ರು ಬಂದು ಕುರ್ಚಿಯನ್ನು ಒಂದು ಸುತ್ತು ನೋಡಿ, "ಅಕ್ಕೋರೇ, ಇದನ್ನ ಮಿಷನ್ ಹಾಕಿ ಉಜ್ಜಿಬಿಟ್ರೆ ಅರ್ಧ ದಿನದ ಕೆಲಸ. ಆದ್ರೆ ನಾನು ಉಜ್ಜೂದಿಲ್ಲ" ಅಂದರು. ಯಾಕೆ ಅಂದೆ. "ಪಾಲಿಶ್ ಜೊತೆ ಕುರ್ಚೀನೂ ಹೋಗ್ತದೆ" ಅಂದರು. ಆಮೇಲಿನ ಮೂರು ವರ್ಷದಲ್ಲಿ ಒಟ್ಟು ಹನ್ನೊಂದು ಸಾಮಾನಿನ ಮೈ ಬಿಡಿಸಿದ್ದೇನೆ. ಅದರಲ್ಲಿ ಎರಡನ್ನು ಕೆಡಿಸಿದ್ದೇನೆ. ಅವೆರಡರ ಸುದ್ದಿಯೂ ಇದರಲ್ಲಿದೆ.

ಮೊದಲು ಕೊಳೆ, ಆಮೇಲೆ ಪಾಲಿಶ್

ಹಳೇ ಸಾಮಾನು ಕಪ್ಪಾಗಿದೆ ಅಂದ ಕೂಡಲೇ ಪಾಲಿಶ್ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ನಮ್ಮ ಕಡೆಯ ಮನೆಗಳಲ್ಲಿ ಒಲೆ ಹೊಗೆ, ಎಣ್ಣೆ ಜಿಡ್ಡು, ಧೂಳು ಮೂರೂ ಸೇರಿ ಪಾಲಿಶ್ ಮೇಲೆ ಇನ್ನೊಂದು ಪಾಲಿಶ್ ಮಾಡಿಟ್ಟಿರುತ್ತವೆ. ಟರ್ಪೆಂಟೈನಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಅಂಗೈಯಗಲ ಜಾಗ ಒರೆಸಿ ನೋಡಿ. ಟರ್ಪೆಂಟೈನ್ ಜಿಡ್ಡು ಮತ್ತು ಮೇಣವನ್ನು ಕರಗಿಸುತ್ತದೆ, ಒಣಗಿ ಗಟ್ಟಿಯಾದ ಪಾಲಿಶನ್ನು ಮುಟ್ಟುವುದಿಲ್ಲ. ಬಟ್ಟೆ ಕಪ್ಪಾಗಿ, ಕೆಳಗೆ ಜೇನುಬಣ್ಣದ ಹೊಳಪು ಕಂಡರೆ ನಿಮ್ಮ ಕೆಲಸ ಮುಕ್ಕಾಲು ಮುಗಿಯಿತು. ಅಂಟುವಾಳ ಕಾಯಿಯ ನೀರನ್ನೂ ಬಳಸಬಹುದು. ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಿ, ಕೂಡಲೇ ಒಣಬಟ್ಟೆ ಆಡಿಸಿ. ಬಕೆಟ್ ನೀರು ಹೊಯ್ದು ತೊಳೆಯಬೇಡಿ. ಹಳೇ ಕಾಲದ ಕೀಲುಗಳಲ್ಲಿ ಇರುವುದು ಚರ್ಮ, ಮೂಳೆ ಬೇಯಿಸಿ ಮಾಡಿದ ಅಂಟು. ನೀರು ಬಿದ್ದರೆ, ಅದರಲ್ಲೂ ಬಿಸಿನೀರು ಬಿದ್ದರೆ, ಅದು ಮೆತ್ತಗಾಗಿ ಕುರ್ಚಿ ಡಗಡಗ ಅನ್ನಲು ಶುರುವಾಗುತ್ತದೆ.

ನನ್ನ ಹನ್ನೊಂದರಲ್ಲಿ ನಾಲ್ಕು ಸಾಮಾನು ಇಲ್ಲಿಗೇ ಮುಗಿದವು. ಅತ್ತೆಯವರ ಕಾಲದ ತೇಗದ ಪೆಟ್ಟಿಗೆಯನ್ನು ನೋಡಿದ ನನ್ನ ಓರಗಿತ್ತಿ ಇವತ್ತಿಗೂ ಹೊಸ ಪಾಲಿಶ್ ಮಾಡಿಸಿದ್ದೇನೆ ಅಂತಲೇ ತಿಳಿದಿದ್ದಾಳೆ. ನಾನೂ ತಿದ್ದಿಲ್ಲ.

ಬೀಟೆಯ ಮೇಲೆ ದಂತ ಅಥವಾ ಬಣ್ಣದ ಮರದ ಚೂರುಗಳನ್ನು ಕೂರಿಸಿದ ಮೈಸೂರು ಕುಸುರಿ ಕೆಲಸದ ಸಾಮಾನು ನಿಮ್ಮಲ್ಲಿದ್ದರೆ ಇದಕ್ಕಿಂತ ಮುಂದೆ ಹೋಗಲೇಬೇಡಿ. ಆ ಚೂರುಗಳು ಎಷ್ಟು ತೆಳುವೋ ಮೇಲಿನಿಂದ ತಿಳಿಯುವುದಿಲ್ಲ. ಸ್ಪಿರಿಟ್ ತಾಗಿದರೆ ಬೀಟೆಯ ಬಣ್ಣ ಬಿಟ್ಟು ಬಿಳಿಯ ಮೇಲೆ ಹರಿಯುತ್ತದೆ. ಗೊತ್ತಿದ್ದವರ ಕೈಗೆ ಕೊಡಿ.

ಮೈಮೇಲಿರುವುದು ಯಾವುದು

ಕೊಳೆ ತೆಗೆದ ಮೇಲೂ ಪದರ ಬಿರಿದು, ಅಂಟಿಕೊಂಡು, ಹಪ್ಪಳದ ಹಾಗೆ ಎದ್ದಿದ್ದರೆ ಅದನ್ನು ತೆಗೆಯಲೇಬೇಕು. ತೆಗೆಯುವ ಮುಂಚೆ ಅದು ಯಾವುದು ಎಂದು ತಿಳಿಯಬೇಕು. ಅಂಗಡಿಯಲ್ಲಿ ಕೇಳಿದರೆ ಎಲ್ಲದಕ್ಕೂ 'ವಾರ್ನಿಶ್' ಅನ್ನುತ್ತಾರೆ. ಆದರೆ ಅದರೊಳಗೆ ನಾಲ್ಕು ಜಾತಿ ಇವೆ, ಒಂದಕ್ಕೆ ಮಾಡಿದ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಕಾಣದ ಜಾಗ ಹುಡುಕಿ. ಕುರ್ಚಿಯಾದರೆ ಕೂರುವ ಚೌಕಟ್ಟಿನ ಅಡಿ, ಬೀರುವಾದರೆ ಬಾಗಿಲಿನ ಒಳಮೈ. ಅಲ್ಲಿಗೆ ನಾಲ್ಕು ಹನಿ ಪಾಲಿಶ್ ಸ್ಪಿರಿಟ್ ಬಿಡಿ. ಎರಡು ನಿಮಿಷ ಕಾಯಿರಿ. ಕೈಗವಸಿನ ಹೆಬ್ಬೆರಳಿನಿಂದ ಒತ್ತಿ ಎತ್ತಿ. ಹಲಸಿನ ಮೇಣದ ಹಾಗೆ ಎಳೆ ಎದ್ದರೆ ಅದು ಅರಗಿನ ಪಾಲಿಶ್, ಆಚಾರ್ರ ಬಾಯಲ್ಲಿ ಚಪ್ಡ ಪಾಲಿಶ್. ಏನೂ ಆಗದಿದ್ದರೆ ಪಕ್ಕದಲ್ಲೇ ಟಿನ್ನರ್ ನಾಲ್ಕು ಹನಿ. ಕರಗಿ ನೀರಾದರೆ ಅದು ಸ್ಪ್ರೇ ಗನ್ನಿನಿಂದ ಸಿಂಪಡಿಸುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್. ಕರಗದೆ ಕಾದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಎದ್ದರೆ ಎಣ್ಣೆ ವಾರ್ನಿಶ್, ಅಗಸೆ ಎಣ್ಣೆಯಂಥದ್ದರಲ್ಲಿ ರಾಳ ಕಾಯಿಸಿ ಮಾಡುವಂಥದ್ದು. ಎರಡಕ್ಕೂ ಜಗ್ಗದೆ ಗಾಜಿನ ಹಾಗೆ ಕೂತಿದ್ದರೆ ಮೆಲಮೈನ್ ಇಲ್ಲವೇ ಪಿಯು, ಅಂದರೆ ಪಾಲಿಯುರೆಥೇನ್.

ಅಂದಾಜಿಗೆ ಹೇಳುವುದಾದರೆ, ನಮ್ಮ ಅಪ್ಪ ಅಜ್ಜಂದಿರ ಕಾಲದ ಕುರ್ಚಿ ಮೇಜುಗಳ ಮೇಲೆ ಹೆಚ್ಚಾಗಿ ಸಿಗುವುದು ಅರಗು. ಬಾಗಿಲು, ಕಿಟಕಿ, ಮಳೆ ತಾಗುವ ಜಗಲಿ ಕಟಾಂಜನಗಳ ಮೇಲೆ ಎಣ್ಣೆ ವಾರ್ನಿಶ್. ಮಕ್ಕಳ ಮದುವೆಗೆ ಅಂಗಡಿಯಿಂದ ತಂದ ಮಂಚದ ಮೇಲೆ ಮೆಲಮೈನ್.

ಅರಗಿನ ಪಾಲಿಶ್ ಆದರೆ ನೀವು ಪುಣ್ಯವಂತರು

ಅರಗು ಎಂದರೆ ಗೊತ್ತಲ್ಲ, ಮುತ್ತುಗ, ಬೋರೆಯಂಥ ಮರದ ಕೊಂಬೆಗಳ ಮೇಲೆ ಕೂತು ರಸ ಹೀರುವ ಪುಟ್ಟ ಹುಳ ತನ್ನ ಸುತ್ತ ಕಟ್ಟಿಕೊಳ್ಳುವ ಗೂಡು. ಜಾರ್ಖಂಡದ ಕಡೆ ಹೇರಳ. ಅದಕ್ಕಾಗಿಯೇ ರಾಂಚಿಯಲ್ಲಿ 1924ರಲ್ಲಿ ಸಂಶೋಧನಾ ಸಂಸ್ಥೆ ಶುರುವಾಯಿತು. ಚನ್ನಪಟ್ಟಣದ ಬೊಂಬೆಗಳ ಹೊಳಪೂ ಇದೇ ಅರಗಿನದು. ಅಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದು, ಆ ಬಿಸಿಗೇ ಕರಗಿಸಿ ಮೆತ್ತುತ್ತಾರೆ. ಕುರ್ಚಿಗೆ ಅದನ್ನೇ ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚುತ್ತಾರೆ. ಅರಗಿನ ಒಳ್ಳೆಯ ಗುಣವೆಂದರೆ ಎಷ್ಟೇ ವರ್ಷವಾದರೂ ಬಂದ ದಾರಿಯಲ್ಲೇ ವಾಪಸ್ ಹೋಗಲು ಸಾಮಾನ್ಯವಾಗಿ ಒಪ್ಪುತ್ತದೆ. ಸ್ಪಿರಿಟ್‌ನಲ್ಲಿ ಕರಗಿ ಬಂತು, ಸ್ಪಿರಿಟ್‌ನಲ್ಲೇ ಕರಗಿ ಹೋಗುತ್ತದೆ. ಬಲ ಬೇಡ, ಪುರುಸೊತ್ತು ಬೇಕು.

ಅಪ್ಪಯ್ಯನ ಕುರ್ಚಿಗೆ ನಾನು ಬಳಸಿದ್ದು ಸುಮಾರು ಒಂದೂವರೆ ಲೀಟರ್ ಸ್ಪಿರಿಟ್, ಎರಡು ಹಳೇ ಪಂಚೆ, ಒಂದು ಗೋಣಿಚೀಲ, ತೆಂಗಿನ ನಾರು, ನಾಲ್ಕು ಹಳೇ ಹಲ್ಲುಜ್ಜುವ ಬ್ರಷ್, ಬಿದಿರಿನ ಕಡ್ಡಿ, ಮತ್ತೆ ಒಂದು ವಾರ ಕೂಡಿಟ್ಟ ಹಾಲಿನ ಪ್ಯಾಕೆಟ್‌ಗಳು. ಸಮಯ, ದಿನಕ್ಕೆ ಮೂರು ಗಂಟೆಯಂತೆ ನಾಲ್ಕು ದಿನ.

ಹಾಲಿನ ಪ್ಯಾಕೆಟ್ ಯಾಕೆಂದರೆ, ಸ್ಪಿರಿಟ್‌ಗೆ ನಿಲ್ಲುವ ಬುದ್ಧಿ ಇಲ್ಲ. ಹಚ್ಚಿದ ಅರ್ಧ ನಿಮಿಷಕ್ಕೆ ಹಾರಿಹೋಗುತ್ತದೆ. ಅರಗು ಆಗಷ್ಟೇ ಮೆತ್ತಗಾಗಿ ಮತ್ತೆ ಗಟ್ಟಿಯಾಗುತ್ತದೆ. ಮೊದಲ ದಿನ ನಾನು ಒರೆಸಿದ್ದೇ ಒರೆಸಿದ್ದು, ಕಪ್ಪು ಇಲ್ಲಿಂದ ಅಲ್ಲಿಗೆ ಹೋಗಿ ಕೂತಿತೇ ವಿನಾ ಕುರ್ಚಿ ಬಿಟ್ಟು ಹೋಗಲಿಲ್ಲ. ಎರಡನೇ ದಿನ ಪಂಚೆಯ ಚೂರನ್ನು ಸ್ಪಿರಿಟ್‌ನಲ್ಲಿ ಅದ್ದಿ, ಕೈಪಟ್ಟಿಯ ಮೇಲೆ ಹಾಸಿ, ಅದರ ಮೇಲೆ ಕತ್ತರಿಸಿ ಬಿಡಿಸಿದ ಹಾಲಿನ ಪ್ಯಾಕೆಟ್ ಮುಚ್ಚಿದೆ. ಜ್ವರಕ್ಕೆ ಹಣೆ ಮೇಲೆ ಪಟ್ಟಿ ಹಾಕುತ್ತಾರಲ್ಲ, ಥೇಟ್ ಹಾಗೆ. ಹತ್ತು ನಿಮಿಷ ಬಿಟ್ಟು ಪಟ್ಟಿ ಎತ್ತಿದರೆ ಅರವತ್ತು ವರ್ಷದ ಪಾಲಿಶ್ ಕಾಕಂಬಿಯಾಗಿ ಕೂತಿತ್ತು.

ಆ ಹೊತ್ತಿನಲ್ಲಿ ಕೈ ಚುರುಕಾಗಬೇಕು. ಗೋಣಿಯ ತುಂಡಿನಿಂದ ಮರದ ಎಳೆ ಹೋದ ದಿಕ್ಕಿನಲ್ಲಿ ಒಂದೇ ಬೀಸಿಗೆ ಎಳೆದು ತೆಗೆಯಿರಿ. ಗೋಣಿಯ ನೂಲು ಒರಟು, ಜಿಗುಟನ್ನು ತನ್ನ ಹೆಣಿಗೆಯೊಳಗೆ ತುಂಬಿಕೊಳ್ಳುತ್ತದೆ, ಮರವನ್ನು ಗೀರುವುದಿಲ್ಲ. ಅದೇ ಮುಖದಿಂದ ಎರಡನೇ ಸಲ ಒರೆಸಬೇಡಿ, ಮಡಚಿ ಹೊಸ ಮುಖ ತನ್ನಿ. ಆಮೇಲೆ ಪಂಚೆಯ ಶುದ್ಧ ಚೂರಿಗೆ ಸ್ಪಿರಿಟ್ ತಾಗಿಸಿ ಒರೆಸಿ. ಒಂದೂವರೆ ಅಡಿ ಜಾಗ ಪೂರ್ತಿ ಮುಗಿಸಿಯೇ ಮುಂದಿನದಕ್ಕೆ ಹೋಗಿ. ಇಡೀ ಕುರ್ಚಿಗೆ ಒಮ್ಮೆಲೇ ಹಚ್ಚುವ ಆಸೆ ಬೇಡ.

ಪಾತ್ರೆ ಉಜ್ಜುವ ಸ್ಟೀಲ್ ಗುಂಜನ್ನು ದಯವಿಟ್ಟು ದೂರ ಇಡಿ. ಅದರ ಎಳೆಗಳು ಮುರಿದು ಮರದ ಸಣ್ಣ ರಂಧ್ರಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಮುಂದಿನ ಮಳೆಗಾಲಕ್ಕೆ ಅಲ್ಲೇ ತುಕ್ಕು ಹಿಡಿದು, ಮರದ ಒಗರಿನ ಜೊತೆ ಸೇರಿ ಶಾಯಿ ಚಿಮುಕಿಸಿದ ಹಾಗೆ ಕಪ್ಪು ಚುಕ್ಕಿಗಳಾಗುತ್ತವೆ. ಹಿಂದೆ ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದದ್ದು ಇದೇ ಕ್ರಿಯೆಯಿಂದ. ನಾನು ಇದನ್ನು ಪಾಠ ಮಾಡಿದವಳು. ಆದರೂ ಮೊದಲ ಸ್ಟೂಲಿಗೆ ಸ್ಟೀಲ್ ಗುಂಜನ್ನೇ ಹಿಡಿದಿದ್ದೆ. ತೆಂಗಿನ ನಾರೇ ಸಾಕು.

ಬೀಟೆಗೆ ಸಂಬಂಧಪಟ್ಟ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಪಾಲಿಶೆಲ್ಲ ಹೋದ ಮೇಲೂ ಬಟ್ಟೆಗೆ ಬಣ್ಣ ಬರುತ್ತಲೇ ಇತ್ತು. ಮೊದಲು ಕಂದು, ಆಮೇಲೆ ನೇರಳೆ ಹಣ್ಣು ಹಿಂಡಿದ ಹಾಗೆ. ನಾನು ಇನ್ನೂ ಪಾಲಿಶ್ ಉಳಿದಿದೆ ಎಂದು ಉಜ್ಜುತ್ತಲೇ ಇದ್ದೆ. ಆಚಾರ್ರು ಗೇಟಿನಿಂದಲೇ ಕೂಗಿದರು, "ಸಾಕು ಮಾಡಿ ಅಕ್ಕೋರೇ, ಅದು ಪಾಲಿಶ್ ಅಲ್ಲ, ಮರದ ರಕ್ತ." ಬೀಟೆಯ ಬಣ್ಣವೇ ಸ್ಪಿರಿಟ್‌ಗೆ ಇಳಿಯುತ್ತದೆ. ಹಲಸಿನ ಮರವೂ ಹಾಗೇ, ಅದರದು ಅರಿಶಿನ. ಗುರುತು ಹಿಡಿಯುವುದು ಬೆರಳಿನಲ್ಲಿ. ಪಾಲಿಶ್ ಇದ್ದರೆ ಬಟ್ಟೆ ಅಂಟುತ್ತದೆ, ಮರದ ಬಣ್ಣವಷ್ಟೇ ಆದರೆ ಬಟ್ಟೆ ಜಾರುತ್ತದೆ.

ಕೆತ್ತನೆ ಇರುವ ಕಡೆ ಗೋಣಿ ಹೊಗುವುದಿಲ್ಲ. ಅಲ್ಲಿ ಹಲ್ಲಿನ ಬ್ರಷ್ ಅದ್ದಿ ತಿಕ್ಕಿ, ಚೂಪು ಮಾಡಿದ ಬಿದಿರುಕಡ್ಡಿಯಿಂದ ಮೂಲೆಗಳನ್ನು ಬಿಡಿಸಿ. ಸೂಜಿ, ಮೊಳೆ ಬೇಡ. ನಮ್ಮೂರಲ್ಲಿ ಗುಡಿಗಾರರು ಗಂಧದ ಕೆತ್ತನೆಯ ಸಂದುಗೊಂದು ಒರೆಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅವರ ಕೈಯಲ್ಲಿ ಉಳಿ ಎಷ್ಟು ಹೊತ್ತು ಇರುತ್ತದೋ ಅದಕ್ಕಿಂತ ಹೆಚ್ಚು ಹೊತ್ತು ಬ್ರಷ್ ಇರುತ್ತದೆ. ಇನ್ನು ಬೆತ್ತದ ಹೆಣಿಗೆಯ ಅಂಚಿಗೆ ಪ್ಲಾಸ್ಟಿಕ್ ಹಾಳೆ ಸಿಕ್ಕಿಸಿ ಅಂಟುಪಟ್ಟಿ ಹಾಕಿ. ಕರಗಿದ ಕಪ್ಪು ಬೆತ್ತಕ್ಕೆ ಇಳಿದರೆ ತೆಗೆಯಲು ಬರುವುದಿಲ್ಲ.

ಬಲಗೈ ಪಟ್ಟಿಯ ಕಲೆಗಳ ಕಥೆ ಇಷ್ಟು. ಅಪ್ಪಯ್ಯ ಕವಳ ಹಾಕುತ್ತಿದ್ದರು. ಎಲೆಗೆ ಸುಣ್ಣ ಸವರಿದ ಬೆರಳನ್ನು ಪಟ್ಟಿಯ ತುದಿಗೆ ಒರೆಸುವುದು ಅವರ ಅಭ್ಯಾಸ. ಅದಕ್ಕಾಗಿ ಅಮ್ಮನ ಹತ್ತಿರ ದಿನವೂ ಬೈಸಿಕೊಳ್ಳುತ್ತಿದ್ದರು. ಅರಗಿಗೆ ಸ್ಪಿರಿಟ್ ಹೇಗೋ ಕ್ಷಾರವೂ ಹಾಗೇ ಆಗಿಬರುವುದಿಲ್ಲ, ಕರಗಿಬಿಡುತ್ತದೆ. ಸುಣ್ಣ ಅಲ್ಲಿನ ಪಾಲಿಶ್ ತಿಂದು, ಕೆಳಗಿನ ಮರವನ್ನೂ ಕಪ್ಪು ಮಾಡಿತ್ತು. ಉಪ್ಪುಕಾಗದದಿಂದ ಅರ್ಧ ಮಿಲಿಮೀಟರ್ ತೇದರೆ ಹೋಗುತ್ತಿತ್ತು. ಉಪ್ಪುಕಾಗದ ಕೈಗೆ ತೆಗೆದುಕೊಂಡೆ, ಮತ್ತೆ ಕೆಳಗಿಟ್ಟೆ. ಕಲೆ ಹಾಗೇ ಇದೆ.

ಬೆಂಕಿಯ ಮಾತು

ಅರಗಿನ ಮನೆಗೆ ಏನಾಯಿತು ಎಂದು ನಿಮಗೆ ನಾನು ಹೇಳಬೇಕಿಲ್ಲ. ಸ್ಪಿರಿಟ್ ಸೇರಿದರೆ ಅದಕ್ಕಿಂತ ಜೋರು. ಸ್ಪಿರಿಟ್‌ನ ಉರಿ ಹಗಲು ಬೆಳಕಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ದೇವರ ಮನೆಯ ದೀಪ, ಬಚ್ಚಲ ಒಲೆ, ಗ್ಯಾಸು, ಬೀಡಿ ಇವು ಯಾವುವೂ ಹತ್ತಿರ ಇರಕೂಡದು. ಒಳಕೋಣೆಯಲ್ಲಿ ಫ್ಯಾನ್ ಹಾಕಿಕೊಂಡು ಮಾಡುತ್ತೇನೆ ಅನ್ನಬೇಡಿ, ಅಂಗಳಕ್ಕೆ ಬನ್ನಿ. ಪಾಲಿಶ್ ಸ್ಪಿರಿಟ್‌ಗೆ ಕುಡಿಯಬಾರದೆಂದೇ ವಿಷ ಬೆರೆಸಿರುತ್ತಾರೆ, ಹಾಗಾಗಿ ಬರಿಗೈಯಲ್ಲಿ ದಿನವಿಡೀ ಅದ್ದಿ ಹಿಂಡುವುದೂ ಒಳ್ಳೆಯದಲ್ಲ. ನೀರಿನ ಬಾಟಲಿಗೆ ಹುಯ್ದು ಇಡಬೇಡಿ. ಮೊಮ್ಮಕ್ಕಳಿರುವ ಮನೆಯಲ್ಲಿ ಇದನ್ನು ಎರಡು ಸಲ ಹೇಳಿದರೂ ತಪ್ಪಿಲ್ಲ.

ಎಣ್ಣೆ ವಾರ್ನಿಶ್‌ಗೆ ಗಾಜಿನ ಚೂರು

ಎಣ್ಣೆ ವಾರ್ನಿಶ್ ಬಂದ ದಾರಿಯಲ್ಲಿ ಹಿಂದೆ ಹೋಗುವುದಿಲ್ಲ. ಒಣಗುವಾಗ ಅದು ಗಾಳಿಯ ಆಮ್ಲಜನಕ ಹೀರಿ ಬೇರೆಯೇ ವಸ್ತುವಾಗಿರುತ್ತದೆ. ಕರಗಿಸುವುದು ಬಿಟ್ಟು ಕೀಸುವುದೇ ಸರಿ.

ಆಚಾರ್ರು ಕಲಿಸಿದ ಉಪಾಯ ಇದು. ಗಾಜಿನ ಅಂಗಡಿಯಲ್ಲಿ ಕಿಟಕಿ ಗಾಜಿನ ಉಳಿಕೆ ಚೂರು ಕೇಳಿ, ಮೂರು ಮಿಲಿಮೀಟರ್ ದಪ್ಪದ್ದು. ಅಂಗೈಗೆ ಹಿಡಿಯುವಷ್ಟು ಅಗಲಕ್ಕೆ ನೇರವಾಗಿ ಕತ್ತರಿಸಿಕೊಡಲು ಹೇಳಿ, ಅಂಚನ್ನು ಉಜ್ಜದೆ ಹಾಗೇ ಕೊಡಬೇಕು. ಮೂರು ಬದಿಗೆ ಅಂಟುಪಟ್ಟಿ ದಪ್ಪಗೆ ಸುತ್ತಿ. ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ. ಗಾಜನ್ನು ಮರದ ಮೇಲೆ ಹೆಚ್ಚೂಕಡಿಮೆ ನೆಟ್ಟಗೆ ನಿಲ್ಲಿಸಿ, ತುಸು ನಿಮ್ಮ ಕಡೆ ಬಾಗಿಸಿ, ಎಳೆ ಹಿಡಿದು ಎಳೆಯಿರಿ. ಒತ್ತಬೇಕಿಲ್ಲ. ಸರಿಯಾದ ಕೋನ ಸಿಕ್ಕಿತೆಂದರೆ ಸರ್ ಅಂತ ಸದ್ದು ಬಂದು ವಾರ್ನಿಶ್ ತೆಂಗಿನ ತುರಿಯ ಹಾಗೆ ಸುರುಳಿ ಸುರುಳಿಯಾಗಿ ಏಳುತ್ತದೆ. ಸುರುಳಿ ನಿಂತು ಬರೀ ಪುಡಿ ಬರತೊಡಗಿದರೆ ಆ ಅಂಚು ಮೊಂಡಾಯಿತು ಎಂದರ್ಥ, ಬೇರೆ ಚೂರು ತೆಗೆದುಕೊಳ್ಳಿ. ಮೂಲೆ ಮರಕ್ಕೆ ತಾಗಿದರೆ ಗೀರು ಬೀಳುತ್ತದೆ, ಮಧ್ಯದ ಅಂಚಷ್ಟೇ ಕೆಲಸ ಮಾಡಬೇಕು. ನಮ್ಮ ಜಗಲಿಯ ಹೊನ್ನೆ ಮರದ ಬೆಂಚು, ಆರಡಿ ಉದ್ದದ್ದು, ಏಳು ಚೂರು ಗಾಜಿನಲ್ಲಿ ಮುಗಿಯಿತು. ಗಾಜು ಹಿಡಿಯಲು ಹೆದರಿಕೆ ಇದ್ದವರಿಗೆ ಉಕ್ಕಿನ ಕೀಸುವ ತಗಡು ಸಿಗುತ್ತದೆ, ಅದಕ್ಕೆ ಅಂಚು ಕಟ್ಟಲು ಕಲಿಯಬೇಕು, ಅಷ್ಟೆ.

ಕಂಬ, ತಿರುವಿದ ಕಾಲುಗಳಿಗೆ ಗಾಜು ನಡೆಯುವುದಿಲ್ಲ. ಅಂಥಲ್ಲಿ ಪೇಂಟ್ ರಿಮೂವರ್ ಎನ್ನುವ ಜೆಲ್ಲಿ ಹಚ್ಚುತ್ತಾರೆ. ಹಚ್ಚಿದ ಕಾಲು ಗಂಟೆಗೆ ವಾರ್ನಿಶ್ ಬೊಬ್ಬೆ ಎದ್ದು ನಿಲ್ಲುತ್ತದೆ. ಡಬ್ಬಿಯ ಮೇಲೆ ಡೈಕ್ಲೋರೋಮೀಥೇನ್ ಅಥವಾ ಮೆಥಿಲೀನ್ ಕ್ಲೋರೈಡ್ ಎಂದಿದ್ದರೆ ನಾನು ಕೊಳ್ಳುವುದಿಲ್ಲ. ಅದರ ಹಬೆ ಮೈಯೊಳಗೆ ಹೋಗಿ ಕಾರ್ಬನ್ ಮಾನಾಕ್ಸೈಡ್ ಆಗಿ ಬದಲಾಗುತ್ತದೆ, ಉಸಿರು ಕಟ್ಟಿದ ಕೋಣೆಯಲ್ಲಿ ಕೆಲಸ ಮಾಡಿ ಸತ್ತವರಿದ್ದಾರೆ. ಅಮೆರಿಕದಲ್ಲಿ 2019ರಲ್ಲೇ ಮನೆಬಳಕೆಯವರಿಗೆ ಅಂಥ ರಿಮೂವರ್ ಮಾರುವುದನ್ನು ನಿಷೇಧಿಸಿದರು. ಸಾಮಾನ್ಯ ರಬ್ಬರ್ ಕೈಗವಸನ್ನು ಅದು ಕೆಲವೇ ನಿಮಿಷದಲ್ಲಿ ದಾಟುತ್ತದೆ. ಬಳಸಲೇಬೇಕಾದರೆ ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು ನಿಂತು, ಸ್ವಲ್ಪ ಸ್ವಲ್ಪವೇ.

ಕಾಸ್ಟಿಕ್ ಸೋಡಾ ಹಾಕಿ ಕೆಟ್ಟದ್ದು

ಬಣ್ಣ ಬಳಿಯುವವರು ಸುಲಭದ ದಾರಿ ಎಂದು ಕಾಸ್ಟಿಕ್ ಸೋಡಾ ನೀರು ಹೇಳಿಕೊಡುತ್ತಾರೆ. ಅಗ್ಗ, ಚುರುಕು, ವಾರ್ನಿಶ್ ನೊರೆನೊರೆಯಾಗಿ ಇಳಿದು ಹೋಗುತ್ತದೆ. ನನ್ನ ಎರಡನೇ ಸಾಮಾನು ತೇಗದ ಪುಟ್ಟ ಸ್ಟೂಲು, ಮಾವನವರು ಪೂಜೆಯ ಪಂಚಾಂಗ ಇಡುತ್ತಿದ್ದದ್ದು. ಸಂಜೆ ಸೋಡಾ ನೀರು ಹೊಯ್ದು ತಿಕ್ಕಿ ತೊಳೆದಿಟ್ಟೆ. ಬೆಳಿಗ್ಗೆ ನೋಡಿದರೆ ತೇಗ ಹುರಿದ ಕಾಫಿಬೀಜದ ಬಣ್ಣಕ್ಕೆ ತಿರುಗಿತ್ತು. ಮೈಯೆಲ್ಲ ಬೆಕ್ಕಿನ ನಾಲಿಗೆಯಂತೆ ಒರಟು, ಎರಡು ಕಾಲು ಕೀಲಿನಿಂದ ಸಡಿಲ. ಸುಣ್ಣ ಅಪ್ಪಯ್ಯನ ಕುರ್ಚಿಗೆ ಬೆರಳಗಲದಲ್ಲಿ ಏನು ಮಾಡಿತ್ತೋ ಅದನ್ನೇ ಸೋಡಾ ಇಡೀ ಸ್ಟೂಲಿಗೆ ಮಾಡಿತ್ತು. ವಿನೆಗರ್ ಹಾಕಿ ಕ್ಷಾರ ಇಳಿಸಿದೆ, ಬಣ್ಣ ಮಾತ್ರ ಹಿಂದಕ್ಕೆ ಬರಲಿಲ್ಲ. ಈಗ ಅದು ಹಿತ್ತಲಲ್ಲಿ ತುಳಸಿ ಗಿಡದ ಪಕ್ಕ, ತಾಮ್ರದ ಚೊಂಬು ಇಡಲು ಆಗುತ್ತದೆ. ಕಣ್ಣಿಗೆ ಹಾರಿದರೆ ಕುರುಡಾಗುವ ಅಪಾಯ ಬೇರೆ. ಕಬ್ಬಿಣದ ಗೇಟಿಗೆ ಬೇಕಾದರೆ ಹಾಕಿ, ಮರಕ್ಕೆ ಬೇಡ.

ಉಳಿದ ಜಾತಿಗಳು

ಎನ್‌ಸಿ ಲ್ಯಾಕರ್‌ಗೆ ಅರಗಿನ ವಿಧಾನವೇ, ಸ್ಪಿರಿಟ್ ಬದಲು ಟಿನ್ನರ್. ವಾಸನೆ ತಲೆನೋವು ತರುತ್ತದೆ, ಬೆಂಕಿಯ ಭಯ ಅಷ್ಟೇ ಇದೆ. ಥರ್ಮಾಕೋಲ್, ಪ್ಲಾಸ್ಟಿಕ್ ಕುರ್ಚಿ ಪಕ್ಕದಲ್ಲಿಟ್ಟರೆ ಅವೂ ಕರಗಿ ಕೂರುತ್ತವೆ.

ಮೆಲಮೈನ್, ಪಿಯು ಆದರೆ ನನ್ನ ಸಲಹೆ, ತೆಗೆಯಬೇಡಿ. ಹೊಳಪು ಸತ್ತಿದ್ದರೆ 320 ನಂಬರಿನ ಉಪ್ಪುಕಾಗದ ಹಗುರವಾಗಿ ಆಡಿಸಿ, ಮೇಲೆ ಅದೇ ಜಾತಿಯದನ್ನು ಇನ್ನೊಂದು ಕೈ ಹೊಡೆಸಿ. ಅಂಗಡಿ ಮಂಚಗಳಲ್ಲಿ ಕೆಳಗಿರುವುದು ಇಡೀ ಮರವಾಗಿರುವುದಿಲ್ಲ, ಪ್ಲೈವುಡ್ ಮೇಲೆ ಅಂಟಿಸಿದ ಕಾಗದದಷ್ಟು ತೆಳು ತೇಗದ ಪದರ. ನಾನು ಕೆಡಿಸಿದ ಎರಡನೇ ಸಾಮಾನು ಅಂಥದ್ದೇ. ಅಳಿಯಂದಿರು ತಂದುಕೊಟ್ಟ ಉಜ್ಜುವ ಮಿಷನ್ನಿನ ಉಮೇದಿನಲ್ಲಿ ಮಂಚದ ತಲೆಹಲಗೆಗೆ ಹಿಡಿದೆ. ಎಣಿಸಿ ಹತ್ತು ಸೆಕೆಂಡು, ತೇಗ ಮಾಯವಾಗಿ ಕೆಳಗಿನ ಬಿಳಿ ಮರ ಇಣುಕಿತು. ಈಗ ಅಲ್ಲಿಗೆ ದಿಂಬು ಒರಗಿಸಿಟ್ಟಿದ್ದೇವೆ. ಅಳಿಯಂದಿರು ಬಂದಾಗಲೆಲ್ಲ ದಿಂಬು ಸರಿಸಿ ನೋಡಿ ನಗುತ್ತಾರೆ.

ಬಣ್ಣದ ಪೇಂಟ್ ಹೊಡೆದ ಹಳೇ ಸಾಮಾನಿನ ಲೆಕ್ಕ ಬೇರೆ. ಪಕ್ಕದ ಮನೆಯವರು ಮಗಳ ಬಾಣಂತನಕ್ಕೆಂದು ಹಸಿರು, ಕೆಂಪು ಬಣ್ಣದ ತೊಟ್ಟಿಲು ತಂದು, "ಇದನ್ನೂ ಉಜ್ಜಿಕೊಡಿ ಅಕ್ಕಾ" ಅಂದರು. ಆಗಲ್ಲ ಅಂದೆ. ಹಳೇ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್ 1ರಿಂದ. ಒಣಗಿದ್ದನ್ನು ಉಜ್ಜಿದರೆ ಆ ಧೂಳು ಮನೆಯೆಲ್ಲ ಹಾರಿ, ಅಂಬೆಗಾಲಿಡುವ ಮಗುವಿನ ಬಾಯಿಗೆ ಹೋಗುತ್ತದೆ. ಬಸುರಿಯರು, ಮಕ್ಕಳು ಇರುವ ಮನೆಯಲ್ಲಿ ಆ ಕೆಲಸ ಬೇಡವೇ ಬೇಡ. ತೊಟ್ಟಿಲನ್ನು ಈಗ ಅವರ ಮನೆಯ ಅಟ್ಟದಲ್ಲೇ ಇಟ್ಟಿದ್ದಾರೆ, ಮಗು ಸೀರೆಯ ಜೋಲಿಯಲ್ಲಿ ಮಲಗುತ್ತದೆ.

ಉಪ್ಪುಕಾಗದ ಕೊನೆಗೆ

ಪದರ ಹೋದ ಮೇಲೆ ಮರವನ್ನು ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಓರೆ ಬೆಳಕಿನಲ್ಲಿ, ಅಂದರೆ ಸೂರ್ಯ ಜಗಲಿಗೆ ಅಡ್ಡ ಬೀಳುವ ಹೊತ್ತಿಗೆ, ಕಣ್ಣನ್ನು ಮರದ ಮಟ್ಟಕ್ಕೆ ಇಳಿಸಿ ನೋಡಿ. ಎಲ್ಲಿ ಹೊಳೆಯುತ್ತದೋ ಅಲ್ಲಿ ಪಾಲಿಶ್ ಉಳಿದಿದೆ. ಅಷ್ಟಕ್ಕೆ ಮಾತ್ರ ಮತ್ತೊಮ್ಮೆ ಸ್ಪಿರಿಟ್ ಪಟ್ಟಿ.

ಆಮೇಲೆ ಒದ್ದೆ ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ ಮರದ ಮೇಲೆ ಒಮ್ಮೆ ಆಡಿಸಿ. ಮಲಗಿದ್ದ ಎಳೆಗಳು ಗಡ್ಡದ ಕೂಳೆಯಂತೆ ಏಳುತ್ತವೆ. ಒಣಗಿದ ಮೇಲೆ 180, ಆಮೇಲೆ 220 ನಂಬರಿನ ಉಪ್ಪುಕಾಗದವನ್ನು ಮರದ ತುಂಡಿಗೆ ಸುತ್ತಿ, ಎಳೆಯ ದಿಕ್ಕಿನಲ್ಲೇ ಹಗುರವಾಗಿ ಉಜ್ಜಿ. ಗಾಜಿನಿಂದ ಕೀಸಿದ ಮರಕ್ಕೆ 120ರಿಂದ ಶುರು ಮಾಡಬಹುದು, ಅರಗು ಕರಗಿಸಿ ತೆಗೆದ ಮರಕ್ಕೆ ಅದರ ಅಗತ್ಯವಿಲ್ಲ. 80ರ ಕಾಗದ ನನ್ನ ಪೆಟ್ಟಿಗೆಯಲ್ಲಿ ಇಲ್ಲವೇ ಇಲ್ಲ. ಅಂಚುಗಳನ್ನು ಮುಟ್ಟಬೇಡಿ. ಹಳೇ ಕುರ್ಚಿಯ ಅಂಚು ಮೂರು ತಲೆಮಾರಿನ ಕೈ ತಾಗಿ ಸವೆದು ದುಂಡಾಗಿರುತ್ತದೆ, ಆ ದುಂಡು ಉಪ್ಪುಕಾಗದದಿಂದ ಬರುವುದಿಲ್ಲ. ಬೀಟೆಯ ಪುಡಿಗೆ ಕೆಲವರಿಗೆ ಮೈ ತುರಿಸಿ ದದ್ದು ಏಳುತ್ತದೆ, ನನಗೆ ಕುತ್ತಿಗೆ ಸುತ್ತ ಎದ್ದಿತ್ತು. ಮೂಗಿಗೆ ಮಾಸ್ಕು, ತುಂಬುತೋಳಿನ ಅಂಗಿ.

ತೇಗದ ಮೇಲೆ ಕಬ್ಬಿಣದ ಡಬ್ಬಿ ಇಟ್ಟು ಆದ ಕಪ್ಪು ಬಳೆಗಳಿಗೆ ಆಕ್ಸಾಲಿಕ್ ಆಮ್ಲದ ಪುಡಿ ಸಿಗುತ್ತದೆ. ಬಿಸಿನೀರಿನಲ್ಲಿ ಕರಗಿಸಿ, ಬ್ರಷ್‌ನಿಂದ ಹಚ್ಚಿ, ಕಲೆ ಮಾಸಿದ ಮೇಲೆ ಶುದ್ಧ ನೀರಿನ ಬಟ್ಟೆಯಿಂದ ಮೂರ್ನಾಲ್ಕು ಸಲ ಒರೆಸಿ. ವಿಷ ಅದು, ಅಡುಗೆಮನೆಯ ಚಮಚ ಬಳಸಬೇಡಿ. ಕಲೆ ಇರುವ ಕಡೆ ಮಾತ್ರ ಹಚ್ಚಿದರೆ ಅಲ್ಲಿ ಬೆಳ್ಳಗಿನ ತೇಪೆ ಕಾಣುತ್ತದೆ, ಇಡೀ ಹಲಗೆಗೆ ಹಚ್ಚಬೇಕು.

ಬಿರುಕು ಮುಚ್ಚಲು ಸೀಮೆಸುಣ್ಣದ ಪುಡಿಯ ಪುಟ್ಟಿ ಮಾಡುತ್ತಾರೆ. ಅದಕ್ಕೆ ಕಾವಿ ಬೆರೆಸಿ ಮರದ ಬಣ್ಣಕ್ಕೆ ತರದೆ ಹಚ್ಚಿದರೆ ಬೀಟೆಯ ರಂಧ್ರಗಳಲ್ಲೆಲ್ಲ ಬಿಳಿ ಗೆರೆ ಕೂತು, ವಿಭೂತಿ ಬಳಿದುಕೊಂಡ ಹಾಗೆ ಆಗುತ್ತದೆ. ನಾನು ಬಿರುಕುಗಳನ್ನು ಹಾಗೇ ಬಿಟ್ಟೆ.

ಚಿಂದಿ ಮತ್ತು ಕಾಕಂಬಿ

ಸ್ಪಿರಿಟ್ ಬಟ್ಟೆಗಳನ್ನು ಅಂಗಳದ ತಂತಿಯ ಮೇಲೆ ಒಂದೊಂದಾಗಿ ಹರಡಿ ಒಣಗಿಸಿ. ಮುದ್ದೆ ಮಾಡಿ ಬಚ್ಚಲ ಒಲೆಯ ಪಕ್ಕ ಒಟ್ಟಬೇಡಿ, ಒಲೆಗೂ ಹಾಕಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯಂತೂ ಬೆಂಕಿಯೇ ಇಲ್ಲದೆ ಹೊತ್ತಿಕೊಳ್ಳುತ್ತದೆ. ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ, ಮುದ್ದೆಯೊಳಗಿನ ಕಾವು ಹೊರಗೆ ಹೋಗಲು ದಾರಿ ಇರುವುದಿಲ್ಲ. ಹಸಿ ಗೊಬ್ಬರದ ರಾಶಿಯೊಳಗೆ ಕೈ ಹಾಕಿ ನೋಡಿದವರಿಗೆ ಇದು ತಿಳಿಯುತ್ತದೆ. ಅಂಥ ಬಟ್ಟೆಯನ್ನು ಕೂಡಲೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ.

ಕೆರೆದ ಕಾಕಂಬಿಯನ್ನು ಹಳೇ ಪೇಪರಿನ ಮೇಲೆ ಹರಡಿ, ಒಣಗಿ ಚಕ್ಕೆಯಾದ ಮೇಲೆ ಕಟ್ಟಿ, ಕಸದ ಗಾಡಿಯವರಿಗೆ ಅಪಾಯಕಾರಿ ಕಸ ಎಂದು ಹೇಳಿ ಬೇರೆಯಾಗಿ ಕೊಡಿ. ಚರಂಡಿಗೆ, ಬಾವಿಕಟ್ಟೆಯ ಹತ್ತಿರ, ಅಡಿಕೆ ಮರದ ಬುಡಕ್ಕೆ ಸುರಿಯಬೇಡಿ.

ಇಷ್ಟಾದ ಮೇಲೆ ಬರಿಮೈಯ ಮರವನ್ನು ಬಹಳ ದಿನ ಇಟ್ಟುಕೊಳ್ಳುವಂತಿಲ್ಲ. ಬಂದುಹೋದವರೆಲ್ಲ ಮುಟ್ಟಿ ನೋಡುತ್ತಾರೆ, ಕೈಯ ಜಿಡ್ಡು ಕೂರುತ್ತದೆ, ಮೊದಲ ಮುಂಗಾರಿಗೆ ಬೂಷ್ಟು ಹಿಡಿಯುತ್ತದೆ. ಅಪ್ಪಯ್ಯನ ಕುರ್ಚಿಯನ್ನು ಬೆಡ್‌ಶೀಟ್ ಮುಚ್ಚಿ ಎರಡು ದಿನ ಇಟ್ಟಿದ್ದೆ. ಮೂರನೇ ದಿನ ಬೆಳಿಗ್ಗೆ ಆಚಾರ್ರು ಹಿಂದಿನ ರಾತ್ರಿ ನೆನೆಹಾಕಿದ ಅರಗಿನ ಬಾಟಲಿ ಹಿಡಿದು ಬಂದರು. ಹತ್ತಿಯನ್ನು ಬಟ್ಟೆಯಲ್ಲಿ ಕಟ್ಟಿ ಉಂಡೆ ಮಾಡಿಕೊಂಡು, ಪಟ್ಟಿಯ ಎಡತುದಿಯಿಂದ ಬಲತುದಿಗೆ ಒಂದೇ ಎಳೆತದಲ್ಲಿ ಎಳೆದರು. ಸುಣ್ಣದ ಕಲೆಯ ಹತ್ತಿರ ಕೈ ತುಸು ನಿಂತಿತು. "ಇದನ್ನ ಬಿಟ್ಟಿದ್ದೀರಾ?" ಅಂದರು. ಹೂಂ ಅಂದೆ. ಅದರ ಮೇಲೂ ಒಂದು ಕೈ ಎಳೆದು ಮುಂದಕ್ಕೆ ಹೋದರು.